ಎದುರಿನ ನಾಲ್ಕು ದೀಪ

1998ರ ಜುಲೈ 10, ಶುಕ್ರವಾರ ಬೆಳಿಗ್ಗೆ ತಮಿಳು ಸೀಮೆಯ ಚಿನ್ನಮನೂರು ಠಾಣೆಗೆ ದೂರು ಬಂತು. ತಂದವರು ಇಬ್ಬರು: ಹನುಮಂತನಪಟ್ಟಿ ಹವ್ಯಾಸಿ ನಾಟಕ ಸಂಘದ ಕಾರ್ಯದರ್ಶಿ ರಾಮರ್, ಮತ್ತು ಅದೇ ಊರಿನ ಶಾಲೆಯ ಟೀಚರ್ ಮುತ್ತುಸೆಲ್ವಿ. ನಾಟಕಕ್ಕೆ ಯಾವ ದೀಪ ಎಲ್ಲಿ, ಯಾವಾಗ ಎಂಬ ಯೋಜನೆಯೆಲ್ಲ ಅವಳದು. ಶಾಲೆಯ ಬಯಲಲ್ಲಿ ಕಟ್ಟಿದ್ದ ದೀಪಗಳಲ್ಲಿ ನಾಲ್ಕು ಬೆಳಗಾಗುವಷ್ಟರಲ್ಲಿ ಮಾಯವಾಗಿದ್ದವು.

ಇನ್‌ಸ್ಪೆಕ್ಟರ್ ಜೆಯಕುಮಾರ್ ಒಂದು ಪ್ರಶ್ನೆ ಕೇಳಿದರೆ ರಾಮರ್ ಮೂರು ಉತ್ತರ ಕೊಡುತ್ತಿದ್ದ. ಇದು ಚಿನ್ನಮನೂರು ಸಂಘದವರದೇ ಕೆಲಸ, ಅವರಿಗೆ ಹೊಟ್ಟೆಕಿಚ್ಚು, ಹಿಡಿದು ಒಳಗೆ ಹಾಕಿ ಎಂದು ಒಂದೇ ರಾಗ. ಸಾಕ್ಷಿ ಕೇಳಿದರೆ ಅವರ ಮುಖ ನೋಡಿದರೆ ಸಾಕಂತೆ. ಇನ್‌ಸ್ಪೆಕ್ಟರ್ ಮನೆಯಲ್ಲೂ ಕನ್ನಡವೇ ಎಂದು ಗೊತ್ತಾದದ್ದೇ ತಡ, ತಮಿಳು ಬಿಟ್ಟು ಮನೆಮಾತಿಗೆ ಇಳಿದು ನೆಂಟಸ್ತಿಕೆ ಹುಡುಕತೊಡಗಿದ. ಜೆಯಕುಮಾರ್‌ಗೆ ತಲೆ ಚಿಟ್ಟು ಹಿಡಿಯಿತು.

ಮುತ್ತುಸೆಲ್ವಿಯದು ಮಾತ್ರ ನೆಟ್ಟಗಿನ ಮಾತು. ದೀಪಗಳು ದಿಂಡಿಗಲ್‌ನಿಂದ ಬಾಡಿಗೆಗೆ ಬಂದವು, ಅಂಗಡಿಯಲ್ಲಿ ಇನ್ನೊಂದು ಸೆಟ್ ಇಲ್ಲ. ಭಾನುವಾರ ನಾಟಕ. ಅಷ್ಟರಲ್ಲಿ ಸಿಗದಿದ್ದರೆ ಹಿಂದಿನಿಂದಲೂ ಆಡಿಕೊಂಡು ಬಂದಂತೆ ಟ್ಯೂಬ್‌ಲೈಟ್ ಕೆಳಗೇ ಆಡಬೇಕು.

"ಒಂದು ವರ್ಸ ಇದಕ್ಕೇ ತಲೆ ಕೆಡಿಸ್ಕೊಂಡಿವ್ನಿ ಸಾರ್," ಎಂದಳು.

ಎಫ್‌ಐಆರ್ ದಾಖಲಾಯಿತು, ಕಳವಿನ ಕಲಂ, ಐಪಿಸಿ 379. ಹೆಡ್ ಕಾನ್‌ಸ್ಟೇಬಲ್ ಮುತ್ತುಕುಮಾರ್ ಜೊತೆ ಜೀಪು ಬಯಲಿಗೆ ಹೋಯಿತು. ಪಂಚನಾಮೆಗೆ ಸಾಕ್ಷಿ ಬೇಕೆಂದರೆ ಊರಿನವರೆಲ್ಲ ದ್ರಾಕ್ಷಿತೋಟಕ್ಕೆ ಹೊತ್ತಾಯಿತೆಂದು ಜಾರಿಕೊಂಡರು. ಕಳವು ನೋಡಲು ಬಂದಾಗ ಯಾರಿಗೂ ಹೊತ್ತಾಗಿರಲಿಲ್ಲ. ಕೊನೆಗೆ ಟೀ ಅಂಗಡಿಯವನನ್ನೂ ಅವನ ಗಿರಾಕಿಯನ್ನೂ ಬೈದು ನಿಲ್ಲಿಸಬೇಕಾಯಿತು.

ಕಳವಿನ ರೀತಿಯೇ ವಿಚಿತ್ರವಾಗಿತ್ತು. ಎಲ್ಲಕ್ಕಿಂತ ಬೆಲೆಬಾಳುವುದು ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಪೆಟ್ಟಿಗೆ. ಅದು ಅಲ್ಲೇ ಇತ್ತು. ಪಕ್ಕದ ದೀಪ, ಮೇಲಿನ ದೀಪ, ತಾಮ್ರದ ವೈರು, ಯಾವುದನ್ನೂ ಮುಟ್ಟಿರಲಿಲ್ಲ. ಹೋದದ್ದು ನಟರ ಮುಖಕ್ಕೆ ನೇರ ಬೀಳುವಂತೆ ಎದುರಿನ ಎರಡು ಕಂಬಗಳಿಗೆ ಕಟ್ಟಿದ್ದ ನಾಲ್ಕು ಮಾತ್ರ. ಹಗ್ಗ ಕತ್ತರಿಸಿರಲಿಲ್ಲ, ಗಂಟು ಬಿಚ್ಚಿ ಸುತ್ತಿಟ್ಟಿತ್ತು. ಎರಡೂ ಕಂಬದ ಬುಡದಲ್ಲಿ ವೀಳ್ಯದೆಲೆ, ಮೇಲೊಂದು ಅಡಿಕೆ.

ಇದೇನೆಂದು ಕೇಳಿದಾಗ ರಾಮರ್ ಮೊದಲ ಸಲ ಒಂದೇ ಉತ್ತರ ಕೊಟ್ಟ. ದೀಪ ಕಟ್ಟಿದ ದಿನ ಸಂಘದವರು ಕುಂಕುಮವಿಟ್ಟು ಪೂಜೆ ಮಾಡುತ್ತಾರೆ. ಪೂಜೆಯಾದ ವಸ್ತುವನ್ನು ತೆಗೆದರೆ ಜಾಗ ಬರಿದು ಬಿಡಬಾರದು, ಎಲೆಯಡಿಕೆ ಇಡಬೇಕು. ಅದು ಈ ಸಂಘದವರ ಪದ್ಧತಿ, ಚಿನ್ನಮನೂರಿನವರಿಗೆ ಇಲ್ಲ.

ಕಳ್ಳ ಒಳಗಿನವನೇ ಎಂದಾಯಿತು. ಮಧ್ಯಾಹ್ನವಿಡೀ ವಿಚಾರಣೆ. ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿ ಸಂಘದ ಅಷ್ಟೂ ಜನ ಮುಟ್ಟಿಕೊಂಡರು. ಒಬ್ಬ ಅತ್ತ, ಇನ್ನೊಬ್ಬ ತನ್ನ ಪಾತ್ರದ ಮಾತನ್ನೇ ಒಪ್ಪಿಸಿದ. ನಾಟಕದವರ ಹೇಳಿಕೆ ಪಡೆಯುವುದಕ್ಕಿಂತ ಸಂತೆಯಲ್ಲಿ ಕೋಳಿ ಎಣಿಸುವುದು ಮೇಲು ಎಂದು ಜೆಯಕುಮಾರ್ ಗೊಣಗಿಕೊಂಡ. ಆದರೂ ಒಂದು ಪ್ರಶ್ನೆ ಬಿಡಲಿಲ್ಲ: ಎದುರಿನ ದೀಪವೇ ಯಾಕೆ? ಆ ಬೆಳಕು ಯಾರಿಗೆ ಬೇಡವಾಗಿತ್ತು?

ಸಂಜೆ ಮಬ್ಬು ಕವಿದಾಗ ಜೀಪನ್ನು ರಂಗದ ಮುಂದೆ ತಂದು ನಿಲ್ಲಿಸಿದ. ಒಬ್ಬೊಬ್ಬರಾಗಿ ನಿಮ್ಮ ಜಾಗಕ್ಕೆ ನಡೆಯಿರಿ ಎಂದು ಹೇಳಿ ಹೆಡ್‌ಲೈಟ್ ಹಾಕಿಸಿದ. ರಾಮರ್ ಮಂತ್ರಿಯ ಜಾಗಕ್ಕೆ ನೆಟ್ಟಗೆ ಹೋಗಿ ನಿಂತ. ಸೇವಕ, ಸೇನಾಪತಿ, ಎಲ್ಲರೂ ಹೋದರು. ಕೊನೆಗೆ ಚಿನ್ನಸಾಮಿ ಬಂದರು. ದ್ರಾಕ್ಷಿ ಬೆಳೆಗಾರರು, ಊರಿಗೆ ಹಿರಿಯರು, ಮೂವತ್ತು ವರ್ಷದಿಂದ ಸಂಘಕ್ಕೆ ರಾಜ. ಬೆಳಕಿಗೆ ಬಂದವರೇ ನಿಂತುಬಿಟ್ಟರು. ಕೈ ಹಣೆಗೆ ಹೋಯಿತು, ಕಾಲು ನೆಲ ತಡವಿತು. ರಂಗದ ಅಂಚಿನಾಚೆಗೆ ಹೆಜ್ಜೆ ಇಡುವಷ್ಟರಲ್ಲಿ ಮುತ್ತುಕುಮಾರ್ ಹಾರಿ ಹಿಡಿದುಕೊಂಡ.

ಜೆಯಕುಮಾರ್ ಹೆಡ್‌ಲೈಟ್ ಆರಿಸಿದ.

"ಮಾಮಾ, ಕಣ್ಣು ಯಾವಾಗಿಂದ ಹಿಂಗೆ?"

"ಹೋದ ಪೊಂಗಲಿಂದ ಕಣಪ್ಪ. ಪೊರೆ. ಎದುರ್ಗಡೆ ಬೆಳಕು ಬಿದ್ರೆ ಬರೀ ಬೆಳ್ಳಗೆ, ಏನೂ ಕಾಣಾಕಿಲ್ಲ. ಮಬ್ಬಲ್ಲಿ ಕಾಣ್ತದೆ. ಬೆಳಗಾಗೋ ಮುಂಚೆ ನಾನೇ ಬಿಚ್ದೆ."

"ಯಾರಿಗೂ ಯೋಳಲಿಲ್ವಾ?"

"ಯೋಳಿದ್ರೆ ರಾಜನ ವೇಸ ಇನ್ನೊಬ್ಬನಿಗೆ ಹೋಯ್ತದೆ."

ಮುತ್ತುಸೆಲ್ವಿ ಅಲ್ಲೇ ನಿಂತಿದ್ದಳು. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದಿದ್ದವು.

"ನನಗೊಂದು ಮಾತು ಯೋಳಿದ್ರೆ ಸಾಕಿತ್ತಲ್ಲ ಮಾಮಾ. ಎದುರಿನ ಬೆಳಕ ಪಕ್ಕದಿಂದ ಬಿಡ್ತಿದ್ದೆ. ಅದಕ್ಕೇ ತಾನೇ ಪ್ಲ್ಯಾನ್ ಮಾಡೋದು."

ಚಿನ್ನಸಾಮಿ ಅವಳ ದನಿ ಬಂದ ಕಡೆ ತಿರುಗಿದರು. ಹಾಗೂ ಮಾಡಬಹುದೆಂದು ಅವರಿಗೆ ಗೊತ್ತೇ ಇರಲಿಲ್ಲ.

ದೀಪಗಳು ಅವರ ತೋಟದ ಚಪ್ಪರದಡಿ ಸಿಕ್ಕವು. ದ್ರಾಕ್ಷಿ ತುಂಬುವ ಬುಟ್ಟಿಗಳಲ್ಲಿ, ಹುಲ್ಲಿನ ಮೇಲೆ, ಗಾಜು ಮೇಲಾಗಿ, ರಾಜನ ಹಳೆಯ ಉತ್ತರೀಯ ಹೊದೆಸಿ ಇಟ್ಟಿದ್ದರು. ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಸಂಘದವರು ದೂರು ವಾಪಸ್ ಕೊಡಿ, ದೀಪವನ್ನೂ ಕೊಡಿ ಎಂದು ದುಂಬಾಲು ಬಿದ್ದರು. ಎಫ್‌ಐಆರ್ ಹರಿದು ಹಾಕುವ ಕಾಗದವಲ್ಲ, ವಶಪಡಿಸಿದ ಮಾಲು ಕೋರ್ಟಿನ ಅಪ್ಪಣೆಯಿಲ್ಲದೆ ಬಿಡುವಂತಿಲ್ಲ, ನಾಳೆ ಎರಡನೇ ಶನಿವಾರದ ರಜೆ, ಕೋರ್ಟು ತೆರೆಯುವುದು ಸೋಮವಾರ ಎಂದು ಜೆಯಕುಮಾರ್ ಹೇಳಿ ಹೇಳಿ ಸೋತ. ಕಳ್ಳನನ್ನು ಹಿಡಿದದ್ದಕ್ಕೇ ಊರು ಅವನನ್ನು ಕಳ್ಳನಂತೆ ನೋಡಿತು. ಭಾನುವಾರದ ನಾಟಕ ಟ್ಯೂಬ್‌ಲೈಟ್ ಕೆಳಗೇ ಎಂದು ಅಲ್ಲೇ ತೀರ್ಮಾನವಾಯಿತು. ರಾಜನ ವೇಷ ರಾಮರ್‌ಗೆ ಹೋಯಿತು.

ಠಾಣೆಯಲ್ಲಿ ಬಂಧನದ ಕಾಗದಕ್ಕೆ ಚಿನ್ನಸಾಮಿಯವರ ಸಹಿ ಬೇಕಿತ್ತು. ಮುತ್ತುಕುಮಾರ್ ಜಾಗ ತೋರಿಸಿದ. ಅವರು ಮೇಜಿನ ಮೇಲಿನ ಬಲ್ಬಿಗೆ ಕಣ್ಣು ಕಿರಿದುಮಾಡಿಕೊಂಡು ಪೆನ್ನನ್ನು ಕಾಗದದ ಆಚೆ ಬರೀ ಮರಕ್ಕೆ ಒತ್ತಿದರು. ಕೈ ಹಿಡಿದು ಬರೆಸಲು ಹೋದರೆ ಕೊಸರಿಕೊಂಡರು.

ಜೆಯಕುಮಾರ್ ಎದ್ದು ಬಲ್ಬ್ ಆರಿಸಿದ. ಕಿಟಕಿಯಿಂದ ಬೀದಿಯ ಮಸುಕು ಬೆಳಕು ಒಳಗೆ ಬಂತು. ಚಿನ್ನಸಾಮಿ ಬೆನ್ನು ನೆಟ್ಟಗೆ ಮಾಡಿ ಕೂತರು, ಯಾರ ಆಸರೆಯೂ ಇಲ್ಲದೆ ಗೆರೆಯ ಮೇಲೆಯೇ ಹೆಸರು ಬರೆದರು.