ನೀರಿನಲ್ಲಿದ್ದವಳ ನಡಿಗೆ

ಮಾಲ್‌ಸುನ್ ಅಜ್ಜಿ ಕಡಲ ತಳದಲ್ಲಿ ಚಿಪ್ಪು ಕೀಳುತ್ತಿದ್ದ ಹೊತ್ತಿನಲ್ಲೇ ನೆಲದ ಮೇಲೂ ನಡೆದಾಡಿದ್ದಳು. ಹಾಗೆಂದು ಹೇಳುತ್ತಿದ್ದುದು ಅವಳ ಸೊಂಟಪಟ್ಟಿಯ ಯಂತ್ರ.

ವಯಸ್ಸಾದವರು ಎಷ್ಟು ಓಡಾಡುತ್ತಾರೆಂದು ಅಳೆಯಲು ವಿಶ್ವವಿದ್ಯಾಲಯ ಯೊನ್‌ಹಿಯನ್ನು ಜೇಜು ದ್ವೀಪದ ಆ ಕಡಲೂರಿಗೆ ಕಳಿಸಿತ್ತು. ಯಂತ್ರಕ್ಕೆ ನೀರು ತಾಕುವಂತಿಲ್ಲ; ಕಡಲಲ್ಲಿ ಮುಳುಗುವ ಅಜ್ಜಿಯರು ಅದನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗುತ್ತಿದ್ದರು. ಆಗ ಉಳಿದವರ ಯಂತ್ರಗಳು ಸುಮ್ಮನಿರುತ್ತಿದ್ದವು, ಮಾಲ್‌ಸುನ್ ಅಜ್ಜಿಯದು ಮಾತ್ರ ಇಲ್ಲ. ಮೋಸವೆಂದಾದರೆ ಎಂಬತ್ತು ದಾಟಿದ ಅಜ್ಜಿಗೆ ಮೈ ಗಟ್ಟಿಯಿದೆಯೆಂಬ ವಿಶ್ವವಿದ್ಯಾಲಯದ ಪತ್ರ ಸಿಗದು; ಪತ್ರವಿಲ್ಲದೆ ಮುಳುಗುವವರ ಸಂಘ ಅವಳನ್ನು ನೀರಿಗಿಳಿಯಲು ಬಿಡದು.

ಯಾರನ್ನೂ ಮುಖಕ್ಕೆ ಮುಖ ಕೊಟ್ಟು ಕೇಳಲಾರದ ಯೊನ್‌ಹಿ, ತಾನು ಬಾಡಿಗೆಗಿದ್ದ ಮನೆಯ ಓಕ್‌ಸೊನ್ ಚಿಕ್ಕಮ್ಮನಿಗೆ ಎಲ್ಲವನ್ನೂ ಹೇಳಿಕೊಂಡಳು. ಪೊಲೀಸ್ ಕೆಲಸದಿಂದ ನಿವೃತ್ತಳಾದ ಚಿಕ್ಕಮ್ಮನಿಗೆ ಊರಿನ ಒಗಟುಗಳೆಂದರೆ ಹಸಿವಿದ್ದಂತೆ.

ಅಜ್ಜಿಯ ಮನೆಯಲ್ಲಿ ಚಿಕ್ಕಮ್ಮ ಮೊದಲು ನೋಡಿದ್ದು ಪಟ್ಟಿಯನ್ನು. ಅದರ ಅತಿ ಸಡಿಲದ ಕೊನೆಯ ತೂತು ಸವೆದಿತ್ತು. ಕಡ್ಡಿಯಂತಿದ್ದ ಸೊಸೆ ಮಿರಾನ್, ತಾನು ದಿನವಿಡೀ ಕ್ಯಾರೆಟ್ ಹೊಲದಲ್ಲಿರುವುದಾಗಿ ಹೇಳಿದಳು. ಒಳಗೆ ಬೆಚ್ಚನೆಯ ನೆಲದ ಮೇಲೆ ಅಜ್ಜಿಯ ಗಂಡ, ದಪ್ಪ ಮೈಯ ತೆಬೊಂಗ್ ತಾತ ಮಲಗಿದ್ದ. ಲಕ್ವ ಹೊಡೆದಾಗಿನಿಂದ ಅವನು ಎದ್ದಿಲ್ಲವೆಂದು ಊರೇ ನಂಬಿತ್ತು. ಪಕ್ಕದ ಕಿತ್ತಳೆ ಬುಟ್ಟಿ ಅರ್ಧ ಖಾಲಿಯಾಗಿತ್ತು.

"ಕಿತ್ತಳೆ ಸಿಹಿ ಇದ್ಯಾ ತಾತ?" ಎಂದು ಚಿಕ್ಕಮ್ಮ ಕೇಳಿದಳು.

"ಬಾಯಿಗೆ ಏನೂ ರುಚಿಸಲ್ಲಮ್ಮ," ಎಂದು ತಾತ ಮಗ್ಗುಲು ಬದಲಿಸಿದ.

ಕಡಲ ದಾರಿಯ ಕರಿಗಲ್ಲ ಗೋಡೆಯ ಪಕ್ಕ ಚಿಕ್ಕಮ್ಮ ಅಲ್ಲಲ್ಲಿ ಬಗ್ಗಿ ಕಿತ್ತಳೆ ಸಿಪ್ಪೆ ಹೆಕ್ಕಿದಳು. ದಾರಿ ಚೊಕ್ಕಟ ಮಾಡುತ್ತಿದ್ದಾಳೆಂದೇ ಯೊನ್‌ಹಿ ಎಣಿಸಿದಳು.

ಮರುದಿನ ಸಂಜೆ ಸಂಘದ ಮುಖ್ಯಸ್ಥೆಯನ್ನೂ ಕರೆದು ಎಲ್ಲರನ್ನೂ ತಾತನ ಹಾಸಿಗೆಯ ಸುತ್ತ ಕೂರಿಸಿ ಚಿಕ್ಕಮ್ಮ ಬಿಡಿಸಿ ಹೇಳಿದಳು. ಪಟ್ಟಿಯನ್ನು ಕೊನೆಯ ತೂತಿಗೆ ಸಿಕ್ಕಿಸಿದವರು ತೆಳ್ಳಗಿನ ಅತ್ತೆಯೂ ಅಲ್ಲ, ಸೊಸೆಯೂ ಅಲ್ಲ. ಯೊನ್‌ಹಿ ತೋರಿಸಿದ ಯಂತ್ರದ ಗೆರೆಗಳಲ್ಲಿ ಸ್ವಲ್ಪ ನಡಿಗೆ, ದೀರ್ಘ ವಿಶ್ರಾಂತಿ, ಮತ್ತೆ ನಡಿಗೆ. ಒಂದು ಕಾಲಿನದೇ ಜೋರು ಹೆಜ್ಜೆ. ಬುಟ್ಟಿ ಬರಿದಾಗುತ್ತಿದೆ, ಕೋಣೆಯಲ್ಲಿ ಸಿಪ್ಪೆಯಿಲ್ಲ. ಸಿಪ್ಪೆಯೆಲ್ಲ ಗೋಡೆಯ ಪಕ್ಕ: ಮನೆಯ ಹತ್ತಿರದ್ದು ಒಣಗಿದೆ, ಕಡಲ ಹತ್ತಿರದ್ದು ಹಸಿ. ಅಂದರೆ ನಡೆಯುವವರು ದಿನದಿನಕ್ಕೂ ಕಡಲಿನತ್ತ ಇನ್ನಷ್ಟು ಮುಂದೆ ಹೋಗುತ್ತಿದ್ದಾರೆ.

ಎಲ್ಲರೂ ತಾತನತ್ತ ತಿರುಗಿದರು.

"ಅವಳು ತಳದಲ್ಲಿ ಉಸಿರು ಕಟ್ಟಿ ದುಡೀತಾಳೆ, ಇಲ್ಲಿ ಈ ಯಂತ್ರ ಅವಳನ್ನ ಸೋಮಾರಿ ಅಂತ ಬರ್ಕೊಳುತ್ತೆ," ಎಂದ ತಾತ. "ಅದಕ್ಕೇ ನಾನು ಕಟ್ಕೊಂಡೆ. ದಡ ಮುಟ್ಟೋವಷ್ಟು ಕಾಲು ಬರಲಿ, ಆಮೇಲೆ ಹೇಳೋಣ ಅಂತಿದ್ದೆ."

"ಈ ಮನುಷ್ಯನಿಗೆ ನಾನು ಚಮಚದಲ್ಲಿ ಗಂಜಿ ಕುಡಿಸ್ತಿದ್ದೆ," ಎಂದು ಅಜ್ಜಿ ಸೊಸೆಯ ಕಡೆ ನೋಡಿದಳು.

"ಕುಡಿಸೋರು ಇದ್ರೆ ಯಾರು ಬೇಡ ಅಂತಾರೆ?" ಎಂದ ತಾತ.

ಸಂಘದ ಮುಖ್ಯಸ್ಥೆ ನಗು ತಡೆದುಕೊಂಡು, ಪತ್ರದ ಮಾತೇನೆಂದು ಕೇಳಿದಳು. ಯೊನ್‌ಹಿಯ ಕಿವಿ ಕೆಂಪೇರಿತು. ಆದರೂ ಬಾಯಿ ಬಿಟ್ಟಳು. "ಮೋಸ ಏನಿಲ್ಲ. ನೀರಿನ ಕೆಲಸ ಈ ಯಂತ್ರಕ್ಕೆ ಗೊತ್ತಾಗಲ್ಲ. ಅದನ್ನೇ ಬರೀತೀನಿ. ಪತ್ರ ಸಿಗುತ್ತೆ."

ಅಜ್ಜಿ ಮುಖ ಆಚೆ ತಿರುಗಿಸಿಕೊಂಡೇ ಗಂಡನಿಗೆ ಹೇಳಿದಳು: "ನಾಳೆ ದಡಕ್ಕೆ ಬಾ. ಚಿಪ್ಪಿನ ಬಲೆಚೀಲ ಭಾರ ಇರುತ್ತೆ."

ಬೆಳಿಗ್ಗೆ ಯೊನ್‌ಹಿ ಚೀಲದಿಂದ ಹೊಸ ಯಂತ್ರವೊಂದನ್ನು ತೆಗೆದು ತಾತನ ಸೊಂಟಕ್ಕೆ ಕಟ್ಟಿದಳು. ಕೊನೆಯ ತೂತಿಗೆ.