ಟವಲಿನ ಕೆಳಗಿನ ಕೈ

"ಆ ಹೆಂಗಸಿನ ಕೈ ಎಷ್ಟು ಹೊತ್ತು ಹಿಡ್ಕೊಂಡಿದ್ರಿ?"

ಆನಂದಪ್ಪ ಇನ್ನೂ ಸೈಕಲ್ ನಿಲ್ಲಿಸಿರಲಿಲ್ಲ. ಕೋಗಿಲು ಹಳ್ಳಿಯ ತನ್ನ ಮನೆಯ ಜಗಲಿಯ ಮೇಲೆ ಗೌರಿ ರಾಗಿಯ ಮೊರ ಹಿಡಿದು ನಿಂತಿದ್ದಳು.

ಅವನು ಅಂಗಡಿಗೆ ಹರಳು ಕೊಳ್ಳಲು ಸಿಲೋನಿಗೆ ಹೋಗಿ ಬಂದು ಎರಡು ದಿನವಾಗಿತ್ತು. ಹೋಗುವ ಮುನ್ನ ಕೇಳಿದ್ದ, "ನನ್ನ ಮದ್ವೆ ಆಗ್ತೀರಾ?"

"ಬಂದ್ಮೇಲೆ ಹೇಳ್ತೀನಿ" ಎಂದಿದ್ದಳು. ಒಂದು ತಿಂಗಳು 'ಹೂಂ' ಎನ್ನುವುದನ್ನು ಬಾಯಲ್ಲೇ ಇಟ್ಟುಕೊಂಡು ಕಾದಿದ್ದಳು.

ಇಂದು ಬೆಳಿಗ್ಗೆ, ತಾನೂ ಕೆಲಸ ಮಾಡುವ ಯಲಹಂಕದ ಆ ಹರಳಿನ ಅಂಗಡಿಯಲ್ಲಿ ಅವಳು ಕಲ್ಲುಗಳನ್ನು ಬಣ್ಣ ನೋಡಿ ಬೇರ್ಪಡಿಸುತ್ತಿದ್ದಾಗ, ಅವನ ಜೊತೆ ಹೋಗಿದ್ದ ಮೊಯಿನುದ್ದೀನ್ ನಗುತ್ತಾ ಹೇಳಿದ್ದ, "ಸಿಲೋನಿನ ರತ್ನಪುರದಲ್ಲಿ ನಮ್ ಆನಂದಪ್ಪ ಒಬ್ಬ ಗಣಿ ಯಜಮಾನಿ ಕೈ ಹಿಡ್ಕೊಂಡು ಕೂತ್ಬಿಟ್ಟಿದ್ದ ಕಣಮ್ಮ. ಬಿಡ್ಸೋಕೆ ನಾನೇ ಹೋಗ್ಬೇಕಾಯ್ತು!"

ಆಮೇಲೆ ಕೆಂಪು ಯಾವುದು, ನೀಲಿ ಯಾವುದು ಅವಳಿಗೆ ತಿಳಿಯಲಿಲ್ಲ.

"ಅರ್ಧ ಗಂಟೆ" ಎಂದ ಆನಂದಪ್ಪ.

ಸುಳ್ಳಾದರೂ ಹೇಳಬಾರದಿತ್ತೇ!

"ವಯಸ್ಸೆಷ್ಟು?"

"ನಿಮ್ಮಷ್ಟೇ ಇರ್ಬೇಕು."

"ನೋಡೋಕೆ?"

"ಚೆನ್ನಾಗಿದ್ರು."

"ಹಂಗಾದ್ರೆ ಅಲ್ಲೇ ಇರ್ಬೇಕಿತ್ತು! ಇಲ್ಲಿಗ್ಯಾಕೆ ಬಂದ್ರಿ?" ಮೊರ ವಾಲಿ ರಾಗಿ ಚೆಲ್ಲಿತು.

"ಕೈ ಮೇಲೆ ಟವಲ್ ಇತ್ತು ಕಣ್ರೀ... ಸುತ್ತ ದಲ್ಲಾಳಿಗಳು. ಕಲ್ಲಿನ ಬೆಲೆ ಬಾಯಲ್ಲಿ ಆಡೋ ಹಂಗಿಲ್ಲ. ಟವಲ್ ಕೆಳಗೆ ಇಷ್ಟು ಬೆರಳು ಹಿಡಿದ್ರೆ ಇಷ್ಟು ಬೆಲೆ ಅಂತ ಹೇಳ್ಬೇಕು. ಒಪ್ಪದೇ ಇದ್ದೋರು ಕೈ ಎಳ್ಕೊಳ್ತಾರೆ."

ಗೌರಿಗೆ ಹೊಳೆಯಿತು. ಅಪ್ಪ ಲಕ್ಕಣ್ಣ ದನದ ಸಂತೆಯಲ್ಲಿ ಎತ್ತಿಗೆ ಬೆಲೆ ಕಟ್ಟುವುದೂ ಹೀಗೇ ಅಲ್ಲವೇ? ಮೊಯಿನುದ್ದೀನ್ ಟವಲೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದ!

ನಾಚಿಕೆಯಾಯಿತು. ಆದರೂ ಎದೆಯ ಉರಿ ಆರಲಿಲ್ಲ.

"ಅವಳು ಎಳ್ಕೊಳ್ಲಿಲ್ವಾ?"

"ಕೊನೇಗೆ ಮೊಯಿನುದ್ದೀನ್ ಬಂದ್ಮೇಲೆ ಎಳ್ಕೊಂಡ್ರು. ಒಂದು ಸಣ್ಣ ನೀಲದ ಹರಳು, ನಿಮ್ಮ ಉಂಗುರಕ್ಕೆ ಅಂತ ಕೇಳಿದ್ದೆ. ನನ್ನ ಸ್ವಂತ ದುಡ್ಡು ಅಷ್ಟಕ್ಕೆ ಸಾಲ್ಲಿಲ್ಲ. ಅರ್ಧ ಗಂಟೆ ಅದೇ ಬೆಲೆ ಹೇಳ್ತಾ ಕೂತಿದ್ದೆ." ಅವನು ತಲೆ ತಗ್ಗಿಸಿದ. "ಬರಿಗೈಲಿ ಬಂದೆ."



ಗೌರಿ ಮೊರ ಕೆಳಗಿಟ್ಟಳು. ಅವನ ಹೆಗಲ ಮೇಲಿನ ಟವಲನ್ನು ಎಳೆದುಕೊಂಡು ತನ್ನ ಬಲಗೈ ಮೇಲೆ ಹೊದಿಸಿ, ಜಗಲಿಯ ಮೇಲೆ ಕುಳಿತಳು.

"ಆ ಬರಿಗೈ ಇತ್ಲಾಗೆ ಕೊಡಿ."

ಅವನು ಪಕ್ಕದಲ್ಲಿ ಕುಳಿತು ಟವಲಿನ ಕೆಳಗೆ ಕೈ ಚಾಚಿದ. ಒಂದನ್ನೋ ಎರಡನ್ನೋ ಹಿಡಿದು ಬೆಲೆ ಹೇಳಲಿಲ್ಲ. ಅವಳ ಐದು ಬೆರಳನ್ನೂ ಒಟ್ಟಿಗೇ ಹಿಡಿದ.

"ಅವಳ ಕೈ ಮೆತ್ತಗಿತ್ತಾ?"

"ಇನ್ನೂ ಬಿಡ್ಲಿಲ್ವಾ ನೀವು!"

"ಇನ್ಮೇಲೆ ಹೆಂಗಸ್ರ ಹತ್ರ ಬೆಲೆ ಕಟ್ಟೋದು ಮೊಯಿನುದ್ದೀನ್ ಸಾಹೇಬ್ರ ಕೆಲಸ. ತಿಳೀತಾ?"

"ತಿಳೀತು."

ಕೊಟ್ಟಿಗೆಯಿಂದ ಬಂದ ಲಕ್ಕಣ್ಣ ಟವಲು ನೋಡಿ ನಿಂತುಬಿಟ್ಟ. ಮಗಳ ಮುಖ ನೋಡಿದ. ಆಮೇಲೆ ಆನಂದಪ್ಪನದು.

"ಏನವ್ವಾ... ಎತ್ತೂ ಇಲ್ಲ, ಕಲ್ಲೂ ಇಲ್ಲ. ಇಂಗೆ ಕೂತು ಏನ್ ಯಾಪಾರ? ಕುದುರ್ತಾ?"

ಗೌರಿ ತಲೆ ಎತ್ತಲಿಲ್ಲ.

"ನಾನು ಕೈ ಎಳ್ಕೊಂಡಿಲ್ಲಪ್ಪಾ..."