ಜೈಲಿನ ಬಾಗಿಲಲ್ಲಿ ಹೇಳಬಾರದ ಮಾತು

"ಟಿಕೆಟ್ ಇತ್ತಾ?" ಕೀರ್ತನ್ ತಲೆ ಎತ್ತದೆ ಕೇಳಿದ.

ಮೋಕ್ಷಿತಾ ಟಿಕೆಟನ್ನು ಅವನ ಮೇಜಿನ ಮೇಲಿಟ್ಟಳು. ಕುಂದಾಪುರದ ಹಳೇ ಜೈಲು ಮ್ಯೂಸಿಯಂ ಆಗಿ ಎರಡು ವರ್ಷ. ಇವನು ಅಲ್ಲಿನ ಗೈಡ್. ನಾಲ್ಕು ಭಾನುವಾರ ಅವಳಿಗೆ ಒಂದೇ ಬೇಡಿಯ ಕತೆಯನ್ನು ನಾಲ್ಕು ಬಗೆಯಲ್ಲಿ ಹೇಳಿದವನು. ಆಮೇಲೆ ತಿಂಗಳಿಂದ ಮೆಸೇಜಿಗೂ ಉತ್ತರವಿಲ್ಲ. ನಾಳೆ ಮುಂಬಯಿಗೆ, ಮಾವನ ಹೋಟೆಲಿಗೆ ಹೊರಟಿದ್ದಾನೆಂದು ಗೆಳತಿ ಸ್ವಾತಿ ಹೇಳಿದ ಮೇಲೆ ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಮಾನ ಹೋದರೂ ಸರಿ, ಕೇಳಿಯೇ ಬಿಡಬೇಕೆಂದು ಬಸ್ಸು ಹತ್ತಿದ್ದಳು.

ಅವನು ತೋರಿಸುತ್ತ ಹೋದ ಮೂರನೆಯ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಾನ್ ಎಂತ ತಪ್ಪ್ ಮಾಡಿದೆ?"

"ಅವತ್ತ್ ಗೇಟಲ್ಲಿ, ಮುಂದಿನ ವಾರ ಕಾಯ್ತೆ ಅಂದೆ. ನೀವ್ 'ಹೋತೆ' ಅಂದ್ರಿ. ಮತ್ತೆ ಬರ್ಲೂ ಇಲ್ಲ."

ಹೊಸ್ತಿಲಲ್ಲಿ ನಿಂತು ಹೋಗುತ್ತೇನೆ ಎನ್ನುವವರು ನಮ್ಮಲ್ಲಿ ಯಾರಿದ್ದಾರೆ? ಅಂಗಡಿಗೆ ಹೋಗುವವನೂ 'ಬತ್ತೆ', ಬರುತ್ತೇನೆ, ಎಂದೇ ಹೇಳಿ ಹೋಗುತ್ತಾನೆ. ಮುಂದಿನ ವಾರ ಅವಳಿಗೆ ಜ್ವರ ಬಂದದ್ದು ಅವನ ಅನುಮಾನಕ್ಕೆ ಒಗ್ಗರಣೆ ಹಾಕಿತ್ತು.

ಮೋಕ್ಷಿತಾಳಿಗೆ ನಗು, ಅಳು ಒಟ್ಟಿಗೇ ಬಂತು. ಗೋಡೆಯ ಮೇಲಿದ್ದ ವಾರ್ಡರುಗಳ ಗ್ರೂಪ್ ಫೋಟೋ ತೋರಿಸಿದಳು. "ಈ ಮೀಸೆಯವ್ರ್ ಕಿಟ್ಟ ವಾರ್ಡರ್. ನನ್ನ್ ಅಜ್ಜಯ್ಯ. ಇವ್ರನ್ನ್ ಕಾಂಬುಕೇ ಮೊದ್ಲ್ ಬಂದದ್ದ್. ನಿಮ್ಮ್ ಮಾತ್ ಕೇಂತಾ ಅದ್ನ್ ಹೇಳುಕೇ ಮರ್ತ್ ಹೋಯ್ತ್."

ಕೀರ್ತನನ ಕಿವಿ ಕೆಂಪಾಯಿತು.

"ಜೈಲಿನ ಬಾಗ್ಲಲ್ಲಿ 'ಬತ್ತೆ' ಅನ್ನುಕಾಗ ಅಂತ ಅಜ್ಜಯ್ಯ ಸಣ್ಣದ್ರಲ್ಲೇ ಕಲ್ಸಿದ್ರ್. ಹಾಂಗಂದವ್ರ್ ತಿರ್ಗಿ ಬಾರ್ದೆ ಇಪ್ದಿಲ್ಲ ಅಂಬ್ರ್."

ಸಿದ್ದಾಪುರದ ಕೃಷಿಕರ ಮನೆಯ ಕೀರ್ತನನಿಗೆ ಜೈಲಿನ ಶಾಸ್ತ್ರ ಎಲ್ಲಿಂದ ಗೊತ್ತಿರಬೇಕು!

"ಇಷ್ಟಕ್ಕಾ ನಾನ್ ತಿಂಗ್ಳಿಡೀ ಊಟ ಬಿಟ್ಟದ್ದ್?"

"ಪೂರ್ತಿ ಬಿಟ್ರ್ಯಾ?"

"ಮೀನ್ ಇದ್ದ್ ದಿನ ಉಂಡೆ."

ಅವಳು ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿ, ಕೊನೆಗೆ ಅಂಗೈಯಿಂದಲೇ ಬಾಯಿ ಮುಚ್ಚಿ ನಕ್ಕಳು. ಅವನು ಆ ಕೈಯನ್ನೇ ನೋಡುತ್ತ ನಿಂತ.

ಐದು ಗಂಟೆಗೆ ಬಾಗಿಲು ಹಾಕುವ ಹೊತ್ತು. ಗೇಟಿನವರೆಗೆ ಅವನು ಜೊತೆಗೆ ಬಂದ.

"ಮಾವ ಕಾಯ್ತಾ ಇದ್ರ್. ಅವ್ರಿಗೆ ಎಂತ ಹೇಳುದ್?"

ಮೋಕ್ಷಿತಾ ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡಳು. ಅಜ್ಜಯ್ಯನ ಫೋಟೋ ಇದ್ದ ಕೋಣೆಯ ಕಡೆ ಒಮ್ಮೆ ನೋಡಿದಳು. ಗಟ್ಟಿಯಾಗಿಯೇ ಹೇಳಿದಳು.

"ಬತ್ತೆ."

"ಅಜ್ಜಯ್ಯ ಬೈತ್ರ್."

"ಬೈಲಿ. ಹೇಳಿ ಆಯ್ತಲ್ಲ, ಇನ್ನ್ ಬಾರ್ದೆ ಉಪಾಯ ಇಲ್ಲ."

ಕೀರ್ತನ್ ಅವಳ ಮುಖದಿಂದ ಕಣ್ಣು ತೆಗೆಯದೆ ಫೋನು ಕಿವಿಗಿಟ್ಟ.

"ಮಾವ, ನಾನ್ ಬಪ್ದಿಲ್ಲ."